ಮಣ್ಣಿನಲ್ಲಿ ಸಿಕ್ಕಿದ್ದು ಯಾರದು?

‘ನೆಲದಲ್ಲಿ ಸಿಕ್ಕಿದ್ದು ನೆಲದವನಿಗೆ’ ಎಂಬ ಒಂದು ನ್ಯಾಯ ನಮ್ಮ ನಗರಗಳ ಬಡಾವಣೆಗಳಲ್ಲಿ ಚಲಾವಣೆಯಲ್ಲಿದೆ. ಇದು ಯಾವ ಸ್ಮೃತಿಯಲ್ಲಿದೆ, ಯಾವ ಕಾಯಿದೆಯಲ್ಲಿದೆ ಎಂದು ಕೇಳಿದರೆ ಹೇಳುವವರಿಲ್ಲ. ಆದರೂ ನಿವೇಶನದ ಕ್ರಯಪತ್ರ ಕೈಯಲ್ಲಿರುವ ಪ್ರತಿಯೊಬ್ಬ ಗೃಹಸ್ಥನೂ ಆ ಪತ್ರದ ಅಧಿಕಾರ ಪಾಯಿಖಾನೆಯ ಗುಂಡಿಯನ್ನೂ ದಾಟಿ ಪಾತಾಳದವರೆಗೆ ಇಳಿಯುತ್ತದೆಂದು ದೃಢವಾಗಿ ನಂಬಿದ್ದಾನೆ. ಮೂವತ್ತು ನಲವತ್ತರ ಅಳತೆಯಲ್ಲಿ ಭೂಗರ್ಭವೆಲ್ಲ ಅವನದೆ. ಈ ನಂಬಿಕೆ ಕಾನೂನಿಗೆ ವಿರುದ್ಧ ಎಂದು ಹೇಳುವುದು ಸುಲಭ, ಮುಂದೆ ಹೇಳುತ್ತೇನೆ. ಅದು ಮರ್ಯಾದೆಗೂ ವಿರುದ್ಧ ಎಂಬುದು ನನ್ನ ಮುಖ್ಯವಾದ ವಾದ.

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ನನ್ನ ವಾಸ. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ನಮ್ಮ ಬೀದಿಯ ಮಹನೀಯರೊಬ್ಬರು ಹಿತ್ತಲಲ್ಲಿ ತೆಂಗಿನ ಸಸಿ ನೆಡಿಸುವುದಕ್ಕೆಂದು ಗುಂಡಿ ತೆಗೆಸಿದರು. ಎರಡು ಮೊಳ ಅಗೆಯುವಷ್ಟರಲ್ಲಿ ಹಾರೆಗೆ ಠಣ್ಣೆಂದು ಏನೋ ತಗುಲಿತು. ಎತ್ತಿ ನೋಡಿದರೆ ಒಂದು ಹಿತ್ತಾಳೆಯ ತಪ್ಪಲೆ, ಬಾಯಿ ಸೊಟ್ಟಗಾದದ್ದು. ಮನೆಯವರೆಲ್ಲ ಮೊದಲು ಮಾಡಿದ ಕೆಲಸ ಒಳಗೆ ಕೈಯಾಡಿಸಿದ್ದು. ಒಳಗಿದ್ದುದು ಮಣ್ಣು. ಆಸೆ ತೀರಿದ ಮೇಲೆ ಹುಣಿಸೆಹಣ್ಣು, ಇಟ್ಟಿಗೆಪುಡಿ ಹಾಕಿ ಉಜ್ಜಿದರು. ಆಗ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅಕ್ಷರಗಳು ಕಾಣಿಸಿದುವು. ಕನ್ನಡದ ಮೇಷ್ಟರು ಹತ್ತಿರದಲ್ಲೇ ಇರುವಾಗ ಬೇರೆ ಯಾರನ್ನು ಕರೆಯಬೇಕು?

ಪಾತ್ರೆಗೆ ಹೆಸರು ಹೊಡೆಸುವ ಪದ್ಧತಿಯನ್ನು ವಾಚಕರಲ್ಲಿ ಹಲವರು ಕಂಡಿದ್ದಾರೆ. ಉಳಿಯ ಮೊನೆಯನ್ನು ಲೋಹದ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗುವುದು. ಕೂಲಿ ಅಕ್ಷರದ ಲೆಕ್ಕದಲ್ಲಿ. ಆದ್ದರಿಂದ ಹೊಡೆಸುವವರು ಮಾತನ್ನು ಬಿಗಿಮಾಡಿ ಹೊಡೆಸುತ್ತಿದ್ದರು; ನಮ್ಮ ನವೀನ ಕವಿಗಳು ಈ ಮಿತವ್ಯಯವನ್ನು ನೋಡಿ ಕಲಿಯಬಹುದು. ಈ ತಪ್ಪಲೆಯ ಮೇಲೆ ಇದ್ದುದು ಒಂದು ಹೆಣ್ಣಿನ ಹೆಸರು, ಅನಂತರ ‘ಕೋಂ’, ಅನಂತರ ಒಂದು ಗಂಡಿನ ಹೆಸರು, ಕೊನೆಗೆ ‘ಧಾತು ಸಂ॥ ವೈಶಾಖ’. ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ಆ ಮನೆಯವರ ಸ್ವತ್ತು. ಮಹನೀಯರ ಮಗ ಇಂಜಿನಿಯರು, ಒಳ್ಳೆಯ ಹುಡುಗ. ‘ಕೋಂ ಅಂದರೆ ಕಂಪೆನಿಯೆ ಸಾರ್?’ ಎಂದು ಕೇಳಿದ. ಅವನ ತಪ್ಪಲ್ಲ. ಹಳೆಯ ಮೈಸೂರಿನ ಕಾಗದಪತ್ರಗಳಲ್ಲಿ ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ ಎಂಬುದನ್ನು ಅವನಿಗೆ ಯಾವ ಶಾಲೆಯಲ್ಲಿಯೂ ಹೇಳಿಕೊಟ್ಟಿರಲಿಲ್ಲ.

ಸಂವತ್ಸರದ ಹೆಸರು ಇದ್ದಮಾತ್ರಕ್ಕೆ ವರ್ಷ ಗೊತ್ತಾಗುವುದಿಲ್ಲ. ಅರುವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಧಾತು 1876ರಲ್ಲಿ ಬಂದಿತ್ತು, 1936ರಲ್ಲಿ ಬಂತು, 1996ರಲ್ಲಿಯೂ ಬಂತು. 1876ರ ಧಾತು ಎಂದೊಡನೆ ಹಳೆಯ ಮೈಸೂರಿನವರ ನೆನಪಿಗೆ ಬರುವುದು ಧಾತು–ಈಶ್ವರ ಸಂವತ್ಸರಗಳ ಘೋರವಾದ ಬರ. ನಮ್ಮ ಮಹನೀಯರಿಗೆ ಈ ಮಾತು ಕಿವಿಗೆ ಬಿದ್ದದ್ದೇ ತಡ, ‘ಹಾಗಾದರೆ ಬರಗಾಲದಲ್ಲಿ ಹೂತಿಟ್ಟು ಗುಳೆ ಹೋದವರದು!’ ಎಂದು ಕಥೆ ಕಟ್ಟಿಯೇಬಿಟ್ಟರು. ಹಸಿದವರು ಪಾತ್ರೆಯನ್ನು ಹೂಳುವುದಿಲ್ಲ, ಮಾರುತ್ತಾರೆ. ಅದೂ ಅಲ್ಲದೆ ಅಕ್ಷರದ ತಿರುವು, ತಲಕಟ್ಟು ಎಲ್ಲವೂ ಅಚ್ಚಿನ ಪುಸ್ತಕ ನೋಡಿ ಕಲಿತವನ ಕೈಯವು. 1936 ಎಂದು ಹೇಳುವುದಕ್ಕೆ ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ವೈಶಾಖ ಎಂದರೆ ಮದುವೆಯ ಕಾಲ. ತವರಿನಿಂದ ಬಂದ ಪಾತ್ರೆ.

ಇಷ್ಟು ಕೇಳಿದ ಮಹನೀಯರು, ‘ಬಹಳ ಸಂತೋಷ ಮೇಷ್ಟ್ರೆ. ಗುಜರಿಯವನು ನಾಳೆ ಬರುತ್ತಾನೆ, ತೂಕಕ್ಕೆ ಹಾಕಿಬಿಡುತ್ತೇನೆ’ ಎಂದರು. ಒಡೆಯರನ್ನು ಹುಡುಕಬೇಡವೆ ಎಂದೆ. ‘ಇದ್ದರೆ ಬಂದು ಕೇಳಲಿ’ ಎಂದರು.

ಇದ್ದರೆ ಬಂದು ಕೇಳಲಿ! ಎಷ್ಟು ನ್ಯಾಯವಾದ ಮಾತಿನಂತೆ ಕೇಳಿಸುತ್ತದೆ. ತಪ್ಪಲೆ ಇರುವುದು ಇವರ ಹಿತ್ತಲಲ್ಲಿ, ಕಾಂಪೌಂಡಿನ ಒಳಗೆ, ಬಾಗಿಲಿಗೆ ನಾಯಿ. ಸಿಕ್ಕಿದ ಸುದ್ದಿ ಗೊತ್ತಿರುವುದು ಇವರಿಗೆ, ಗುಂಡಿ ತೋಡಿದ ಆಳಿಗೆ, ನನಗೆ. ಒಡೆಯ ಯಾವ ಕನಸು ಕಂಡು ಬಂದು ಕೇಳಬೇಕು? ಬರಲಿ ಎನ್ನುವವನು ಮೊದಲು ಟಾಂಟಾಂ ಹೊಡೆಸಬೇಕು. ಅದನ್ನು ಮಾಡದೆ ಬರಲಿ ಎನ್ನುವುದು ಬಾರದಿರಲಿ ಎಂದು ಹಾರೈಸುವುದಕ್ಕೆ ಸಮ.

ಇನ್ನು ಕಾನೂನು. ಗುಪ್ತನಿಧಿಯ ಬಗ್ಗೆ ಬ್ರಿಟಿಷ್ ಸರ್ಕಾರ 1878ರಲ್ಲಿ ಒಂದು ಕಾಯಿದೆ ಮಾಡಿತು. ಹತ್ತು ರೂಪಾಯಿಗೆ ಮೇಲ್ಪಟ್ಟ ಬೆಲೆಯ ಪದಾರ್ಥ ನೆಲದಲ್ಲಿ ಅಡಗಿದ್ದು ಸಿಕ್ಕಿದರೆ ಕಲೆಕ್ಟರಿಗೆ ಬರೆದು ತಿಳಿಸಬೇಕು. ಕಲೆಕ್ಟರು ಪ್ರಕಟಣೆ ಹೊರಡಿಸಿ, ಹಕ್ಕುದಾರರು ಯಾರಾದರೂ ಇದ್ದರೆ ಬನ್ನಿ ಎಂದು ಕರೆಯಬೇಕು. ವಿಚಾರಣೆಯ ದಿನ ಪ್ರಕಟಣೆಯಿಂದ ನಾಲ್ಕು ತಿಂಗಳಿಗೆ ಮೊದಲು ಇರಕೂಡದು, ಆರು ತಿಂಗಳಿಗೆ ಆಚೆಯೂ ಇರಕೂಡದು. ಯಾರೂ ಬಾರದೆ ಇದ್ದರೆ ಆಗ ಹಂಚಿಕೆಯ ಮಾತು; ಆ ಹಂಚಿಕೆಯಲ್ಲಿಯೂ ಮುಕ್ಕಾಲು ಪಾಲು ಕಂಡುಹಿಡಿದವನಿಗೆ, ಕಾಲು ಪಾಲು ಮಾತ್ರ ನೆಲದ ಯಜಮಾನನಿಗೆ. ಇಲ್ಲಿ ಹಾರೆ ಹಿಡಿದಿದ್ದವನು ಕೂಲಿಯಾಳು ಎಂಬುದನ್ನು ‘ನೆಲದವನಿಗೆ’ ಎನ್ನುವ ಮಹನೀಯರು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ನಮ್ಮ ರಾಜ್ಯಕ್ಕೆ 1962ರಲ್ಲಿ ಬೇರೆಯದೇ ಕಾಯಿದೆ ಆಯಿತು. ತಪ್ಪಲೆ ನಿಧಿಯಲ್ಲ, ಬರಿಯ ಕಳೆದುಹೋದ ವಸ್ತು ಎಂದು ವಾದಿಸುವವರಿಗೂ ತಪ್ಪಿಸಿಕೊಳ್ಳಲು ದಾರಿಯಿಲ್ಲ. 1872ರ ಕರಾರು ಕಾಯಿದೆಯ 71ನೆಯ ಸೆಕ್ಷನ್ನಿನ ಪ್ರಕಾರ, ಪರರ ವಸ್ತು ಸಿಕ್ಕಿ ಅದನ್ನು ವಶಕ್ಕೆ ತೆಗೆದುಕೊಂಡವನು ಅದನ್ನು ನಂಬಿಕೆಯಿಂದ ಇರಿಸಿಕೊಂಡವನಿಗೆ ಸಮಾನ. ಹಳೆಯ ದಂಡಸಂಹಿತೆಯ 403ನೆಯ ಸೆಕ್ಷನ್ ಇನ್ನೂ ಕಟುವಾದದ್ದು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 314ನೆಯದಾಗಿ ಉಳಿದುಕೊಂಡಿದೆ. ಒಡೆಯನನ್ನು ಪತ್ತೆಮಾಡುವುದಕ್ಕೆ ತಕ್ಕ ಪ್ರಯತ್ನ ಮಾಡದೆ, ತಕ್ಕಷ್ಟು ಕಾಲ ಇಟ್ಟುಕೊಂಡು ಕಾಯದೆ, ಸಿಕ್ಕಿದ್ದನ್ನು ಸ್ವಂತಕ್ಕೆ ಬಳಸಿಕೊಂಡವನು ಅಪರಾಧಿ. ಈ ದೇಶದ ಜನರ ಭಾವನೆಗಳ ಬಗ್ಗೆ ಅಷ್ಟೇನೂ ಕನಿಕರವಿಲ್ಲದಿದ್ದ ಒಂದು ಸರ್ಕಾರ ಒಡೆಯನಿಗಾಗಿ ನಾಲ್ಕು ತಿಂಗಳು ಕಾಯಲು ಸಿದ್ಧವಾಗಿತ್ತು. ನಾವು ಗುಜರಿಯವನು ಬರುವ ಬೆಳಗ್ಗೆವರೆಗೆ ಕಾಯುತ್ತೇವೆ.

ಸೆಕ್ಷನ್ನುಗಳನ್ನು ಹೇಳಿ ಹೆದರಿಸಿದೆನೆಂದು ತಿಳಿಯಬೇಡಿ. ಹದಿನೈದು ದಿನ ತಡೆಯಿರಿ ಎಂದು ಕೇಳಿಕೊಂಡೆ, ಅವರು ದೊಡ್ಡ ಮನಸ್ಸು ಮಾಡಿದರು.

ಹುಡುಕುವುದು ಅಸಾಧ್ಯ ಎಂಬುದು ಹುಡುಕದವರ ಮಾತು. ನಾವು ಮೊದಲು ಹೋಗಬೇಕಾದದ್ದು ಪತ್ರಾಗಾರಕ್ಕೂ ಅಲ್ಲ, ಪ್ರಾಚ್ಯವಸ್ತು ಇಲಾಖೆಗೂ ಅಲ್ಲ, ಮಹನೀಯರ ಬೀರುವಿನವರೆಗೆ. ಪಾತಾಳದವರೆಗೆ ಹಕ್ಕು ಕೊಡುತ್ತದೆಂದು ಅವರು ನಂಬಿದ್ದ ಆ ಕ್ರಯಪತ್ರವನ್ನೇ ತೆಗೆಸಿದೆ. 1968ರಲ್ಲಿ ಅವರ ತಂದೆ ಕೊಂಡದ್ದು. ಮಾರಿದವರ ಹೆಸರಿನ ಮುಂದೆ ‘ಬಿನ್’ ಎಂದು ಇದ್ದ ಹೆಸರೂ ತಪ್ಪಲೆಯ ಮೇಲೆ ‘ಕೋಂ’ ಎಂದು ಇದ್ದ ಹೆಸರೂ ಒಂದೇ. ಗಂಡನ ಹೆಸರಿನಿಂದ ಹೆಂಡತಿಯನ್ನೂ, ಅದೇ ಹೆಸರಿನಿಂದ ಮಗನನ್ನೂ ಗುರುತಿಸಿದ ಆ ಹಳೆಯ ಗುಮಾಸ್ತರ ಎರಡು ಪದಗಳು ಐವತ್ತೇಳು ವರ್ಷದ ಮೇಲೆ ಒಂದನ್ನೊಂದು ಸಂಧಿಸಿದುವು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಋಣಭಾರ ಪತ್ರ ತೆಗೆಸುವ ಶ್ರಮವೂ ಉಳಿಯಿತು. ಬೀದಿಯ ಕೊನೆಯ ಮನೆಯ ಅಜ್ಜಿಯೊಬ್ಬರಿಗೆ ಆ ಸಂಸಾರದ ನೆನಪಿತ್ತು. ಮಾರಿದವರು ತೀರಿಕೊಂಡಿದ್ದರು, ಅವರ ತಂಗಿ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದರು. ಎಂಬತ್ತನಾಲ್ಕು ವರ್ಷ. ಒಟ್ಟು ಹಿಡಿದದ್ದು ಒಂಬತ್ತು ದಿನ.

ತಪ್ಪಲೆಯನ್ನು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದೆ. ಆ ತಾಯಿ ಅಳುತ್ತಾರೆ ಎಂದು ಯಾರಾದರೂ ಎಣಿಸಿದ್ದರೆ ಅದು ಸಿನಿಮಾದ ಎಣಿಕೆ. ಅವರು ಹೆಸರನ್ನು ಬೆರಳಿನಿಂದ ಸವರಿ ನೋಡಿ, ‘ಇದಕ್ಕೆ ಒಂದು ಮುಚ್ಚಳ ಇತ್ತಲ್ಲಪ್ಪ, ಗಿಳಿಯ ಹಿಡಿ ಇದ್ದದ್ದು. ಅದು ಸಿಕ್ಕಲಿಲ್ಲವೆ?’ ಎಂದರು. ಇಲ್ಲವೆಂದೆ. ಎಲ್ಲಿ ಸಿಕ್ಕಿತು ಎಂದು ಕೇಳಿದರು. ಹಿತ್ತಲಿನ ಮೂಲೆ, ತೆಂಗಿನ ಗುಂಡಿ ಎಂದೆ. ‘ಅಲ್ಲೇ ಬಚ್ಚಲ ನೀರು ಹೋಗುತ್ತಿದ್ದದ್ದು. ಪಾತ್ರೆ ಬೆಳಗುವ ಜಾಗ. ಕೆಸರು’ ಎಂದು ಹೇಳಿ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಒಂದು ಹೆಸರು ಹೇಳಿದರು. ಅವರ ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದವಳ ಹೆಸರು ಅದು. ತಪ್ಪಲೆ ಕಾಣದೆ ಹೋದಾಗ ಕದ್ದವಳು ಅವಳೇ ಎಂದು ಮನೆಯ ಹಿರಿಯರು ತೀರ್ಮಾನಿಸಿದರಂತೆ. ಎರಡು ತಿಂಗಳ ಸಂಬಳ ಹಿಡಿದು ಕೆಲಸ ಬಿಡಿಸಿದರು. ಆ ಬೀದಿಯಲ್ಲಿ ಮತ್ತಾರೂ ಅವಳನ್ನು ಸೇರಿಸಲಿಲ್ಲ. ‘ಅವಳು ನಮ್ಮ ಬಾಗಿಲಲ್ಲಿ ನಿಂತು ಆಣೆ ಇಟ್ಟದ್ದು ನನಗೆ ಚೆನ್ನಾಗಿ ಜ್ಞಾಪಕವಿದೆ. ನನಗಾಗ ಹತ್ತು ವರ್ಷ’ ಎಂದರು.

ವಾಚಕರೆ, ತೂಕದ ಕಲ್ಲಿಗೆ ಈ ಸಂಗತಿ ಗೊತ್ತಿರುವುದಿಲ್ಲ. ತಪ್ಪಲೆಯನ್ನು ಕರಗಿಸಿದ್ದರೆ ಎಪ್ಪತ್ತು ಚಿಲ್ಲರೆ ವರ್ಷ ನಿಂತಿದ್ದ ಒಂದು ಆರೋಪ ಇನ್ನು ಯಾವ ಕಾಲಕ್ಕೂ ಕದಲದೆ ನಿಂತುಬಿಡುತ್ತಿತ್ತು. ಆಕೆಯ ಹೆಸರನ್ನು ಯಾವ ಪಾತ್ರೆಯ ಮೇಲೆಯೂ ಯಾರೂ ಹೊಡೆಸಿರಲಿಲ್ಲ. ಆಕೆಯ ಮಕ್ಕಳು ಮೊಮ್ಮಕ್ಕಳು ಎಲ್ಲಿದ್ದಾರೆಂದು ಆ ತಾಯಿ ಈಗ ವಿಚಾರಿಸುತ್ತಿದ್ದಾರೆ. ಕ್ರಯಪತ್ರವಿಲ್ಲದವರನ್ನು ಹುಡುಕುವುದು ಕಷ್ಟವಾಗಿದೆ.

ಒಂದು ಹಿತ್ತಾಳೆ ತಪ್ಪಲೆಗೆ ಇಷ್ಟು ರಾದ್ಧಾಂತವೆ ಎನ್ನುವವರಿದ್ದಾರೆ. ‘ನೂರು ವರ್ಷದೊಳಗಿನದಾದರೆ ಸರಿ, ಸಾವಿರ ವರ್ಷದ್ದಾದರೆ ಒಡೆಯ ಎಲ್ಲಿಂದ ಬರುತ್ತಾನೆ?’ ಎನ್ನುವವರೂ ಇದ್ದಾರೆ. ಇವರ ಕಡೆಗೆ ಕಾಯಿದೆಯ ಬೆಂಬಲವೂ ಉಂಟು. ಅಡಗಿಸಿಟ್ಟು ನೂರು ವರ್ಷ ಕಳೆದಿದ್ದರೆ ವಾರಸುದಾರನ ಮಾತನ್ನು 1878ರ ಕಾಯಿದೆ ಹಚ್ಚಿಕೊಳ್ಳುವುದಿಲ್ಲ. ಇಂಥವರು ಪತ್ತೂರಿನ ನಟರಾಜನ ಕಥೆಯನ್ನು ಕೇಳಬೇಕು.

ತಮಿಳುನಾಡಿನ ತಂಜಾವೂರು ಸೀಮೆಯ ಪತ್ತೂರಿನಲ್ಲಿ ಪಾಳುಬಿದ್ದ ಒಂದು ಶಿವಾಲಯ. 1976ರಲ್ಲಿ ಅದರ ಹತ್ತಿರ ಒಬ್ಬ ಬಡ ಕೂಲಿಗಾರ ತನ್ನ ಗುಡಿಸಲಿನ ಪಕ್ಕದಲ್ಲಿ ನೆಲ ಅಗೆಯುತ್ತಿದ್ದಾಗ ಹಾರೆಗೆ ಕಂಚಿನ ನಟರಾಜ ತಗುಲಿದ. ಅವನು ಮಾರಿದ. ಕೊಂಡವನು ಇನ್ನೊಬ್ಬನಿಗೆ ಮಾರಿದ. ಕೈಯಿಂದ ಕೈ ದಾಟಿ ಶಿವ ಸಮುದ್ರವನ್ನು ದಾಟಿದ. 1982ರಲ್ಲಿ ಲಂಡನ್ನಿನಲ್ಲಿ ಕೆನಡದ ಬಂಪರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪೆನಿ ಅವನನ್ನು ಕೊಂಡುಕೊಂಡಿತು, ದುಡ್ಡು ಕೊಟ್ಟು, ಸದ್ಭಾವದಿಂದಲೇ. ಪೊಲೀಸರು ಮೂರ್ತಿಯನ್ನು ವಶಪಡಿಸಿಕೊಂಡರು. ಮೊಕದ್ದಮೆ ನಡೆಯಿತು. ಮೂರ್ತಿ ನಮ್ಮದು ಎಂದು ನ್ಯಾಯಾಲಯದ ಮುಂದೆ ನಿಂತವರ ಪಟ್ಟಿಯನ್ನು ನೋಡಿ: ಭಾರತ ಸರ್ಕಾರ, ತಮಿಳುನಾಡು ಸರ್ಕಾರ, ದೇವಸ್ಥಾನದ ಪರವಾಗಿ ನೇಮಕವಾದ ಒಬ್ಬ ಗೃಹಸ್ಥ, ಸ್ವತಃ ದೇವಸ್ಥಾನ, ಕೊನೆಗೆ ಆ ಪಾಳುಗುಡಿಯ ಶಿವಲಿಂಗ. ಕಲ್ಲಿನ ಲಿಂಗ ಲಂಡನ್ನಿನ ನ್ಯಾಯಾಲಯದಲ್ಲಿ ಹಕ್ಕು ಸಾಧಿಸಿತು! ಶಿಲ್ಪಶಾಸ್ತ್ರ ಬಲ್ಲವರು, ಲೋಹ ಬಲ್ಲವರು, ಮಣ್ಣು ಬಲ್ಲವರು ಸಾಕ್ಷಿ ನುಡಿದರು. ತಮಿಳುನಾಡಿನ ಪುರಾತತ್ತ್ವಜ್ಞ ನಾಗಸ್ವಾಮಿಯವರೂ ಅಲ್ಲಿಗೆ ಹೋಗಿ ನುಡಿದರು. ಪತ್ತೂರಿನಲ್ಲಿ ಮೇಲೆ ಸಿಕ್ಕಿದ ಬೇರೆ ಮೂರ್ತಿಗಳ ಜೊತೆಗೆ ಇದನ್ನು ಇಟ್ಟು ಹೋಲಿಸಿದರು. 1988ರಲ್ಲಿ ಕೆಳಗಿನ ನ್ಯಾಯಾಧೀಶರು ಕೊಟ್ಟ ತೀರ್ಪಿನ ಒಂದು ಅಂಶವನ್ನು ನಾನು ತರಗತಿಯಲ್ಲಿಯೂ ಹೇಳುವುದುಂಟು. ಹನ್ನೆರಡನೆಯ ಶತಮಾನದಲ್ಲಿ ನೆಲ ಕೊಟ್ಟು ಗುಡಿ ಕಟ್ಟಿಸಿದ ಮಹಾನುಭಾವನ ಧರ್ಮಸಂಕಲ್ಪ ಇನ್ನೂ ಜೀವಂತವಾಗಿದೆ, ಆ ಲಿಂಗದಲ್ಲಿ ಮೂರ್ತಿವೆತ್ತಿದೆ ಎಂದು ಅವರು ಕಂಡುಕೊಂಡರು. 1991ರಲ್ಲಿ ಅಪೀಲು ನ್ಯಾಯಾಲಯವೂ ದೇವಸ್ಥಾನ ದಾವೆ ಹೂಡಬಹುದೆಂದು ಒಪ್ಪಿತು. ನಟರಾಜ ಅದೇ ವರ್ಷ ಭಾರತಕ್ಕೆ ಹಿಂದಿರುಗಿದ.

ಎಂಟು ನೂರು ವರ್ಷದ ಒಡೆಯನನ್ನು ಲಂಡನ್ನಿನಲ್ಲಿ ಕುಳಿತು ಹುಡುಕಿದರು. ನಮಗೆ ಎಂಬತ್ತು ವರ್ಷದ ಒಡತಿ ಬೆಂಗಳೂರಿನಲ್ಲಿರುವುದು ದೂರವಾಗುತ್ತದೆ.

ಈ ವಿಷಯದಲ್ಲಿ ಕನ್ನಡದ ಹಿಂದಿನವರು ನಮಗಿಂತ ಸೂಕ್ಷ್ಮಜ್ಞರಾಗಿದ್ದರು. ದಾನ ಕೊಟ್ಟದ್ದನ್ನು ಕಸಿದುಕೊಂಡವನು ಅರುವತ್ತು ಸಾವಿರ ವರ್ಷ ಹುಳುವಾಗಿ ಬಿದ್ದಿರಲಿ ಎಂದು ಶಾಸನಗಳ ಕೊನೆಯಲ್ಲಿ ಶಪಿಸಿದರಷ್ಟೆ. ಅಪಹರಿಸುವವನು ಪರರಾಯನೇ ಆಗಬೇಕೆಂದಿಲ್ಲ, ತನ್ನ ಮೊಮ್ಮಗನೂ ಆಗಬಹುದೆಂದು ಅವರು ಬಲ್ಲರು. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನು ತೆಗೆದುಕೊಳ್ಳಿ. ತಕ್ಕೋಲದ ಯುದ್ಧದ ಕಾಲ, ಎಂದರೆ 949–50. ಗಂಗ ಬೂತುಗನ ಸೇವಕ ಮಣಲೆರ ಯುದ್ಧದಲ್ಲಿ ಪರಾಕ್ರಮ ತೋರಿಸಿದ. ಮೆಚ್ಚಿದ್ದನ್ನು ಕೇಳು ಎಂದರೆ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿ ಹಂದಿಯೊಡನೆ ಕಾದಾಡಿ, ಎರಡೂ ಸತ್ತುವು. ನಾಯಿಗಾಗಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುವುದೆಂದು ಕಟ್ಟುಮಾಡಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ, ಸಂತೋಷ. ಭೂಮಿ ಯಾರ ಕೈಯಲ್ಲಿದೆ, ಯಾರು ಉಣ್ಣುತ್ತಿದ್ದಾರೆ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ನಮ್ಮ ಪಂಡಿತವರ್ಗಕ್ಕೂ ಇಲ್ಲಿ ಒಂದು ಮಾತು ಹೇಳಬೇಕು. ನಮಗೆ ಬೇಕಾದದ್ದು ಪಾಠ, ಕಲ್ಲಲ್ಲ. ಅಚ್ಚು ತೆಗೆದುಕೊಂಡು ಬಂದು ವ್ಯಾಕರಣವಿಶೇಷಗಳ ಮೇಲೆ ಲೇಖನ ಬರೆದರೆ ನಮ್ಮ ಕೆಲಸ ಮುಗಿಯಿತು. ಬಿ. ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು 1905ರಲ್ಲಿ ಪ್ರಕಟಿಸಿದರು. ಅದರಲ್ಲಿ ಅಚ್ಚಾದ ಎಷ್ಟೋ ಕಲ್ಲುಗಳು ಇಂದು ಪುಸ್ತಕದಲ್ಲಿ ಮಾತ್ರ ಇವೆ. ಪಾಯಕ್ಕೆ, ಚಪ್ಪಡಿಗೆ, ಬಟ್ಟೆ ಒಗೆಯುವುದಕ್ಕೆ ಹೋದುವು. ಇದಕ್ಕೆ ಎದುರಾಗಿ ಹೆಬ್ಬಾಳದ ಜನ ಮಾಡಿದ ಕೆಲಸವನ್ನು ನೋಡಿ. 2018ರಲ್ಲಿ ಅಲ್ಲಿ ಚರಂಡಿಗಾಗಿ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ನೆಯ ಇಸವಿ. ಕಾದಿ ಮಡಿದ ಕಿತ್ತಯ್ಯ ಎಂಬವನ ಕಲ್ಲು. ಶಾಸನಗಳಲ್ಲಿ ಆಸಕ್ತಿಯುಳ್ಳ ಕೆಲವರು, ಅವರಲ್ಲಿ ಕಾಲೇಜಿನ ಕನ್ನಡ ಅಧ್ಯಾಪಕರಲ್ಲದವರೇ ಹೆಚ್ಚು, ಅದನ್ನು ಓದಿಸಿ ಊರವರಿಗೆ ವಿವರಿಸಿದರು. ಊರವರು ಮಂಟಪ ಕಟ್ಟಿ ನಿಲ್ಲಿಸಿದರು. ಕಿತ್ತಯ್ಯನ ವಂಶದವರನ್ನು ಹುಡುಕುವುದು ಸಾಧ್ಯವಿರಲಿಲ್ಲ. ಅವನು ಯಾವ ಊರಿಗಾಗಿ ಸತ್ತನೋ ಆ ಊರೇ ವಾರಸುದಾರನಾಗಿ ಮುಂದೆ ಬಂತು.

ಒಂದು ಭಯವನ್ನು ನಾನು ಅಲ್ಲಗಳೆಯುವುದಿಲ್ಲ. ಸಿಕ್ಕಿದ್ದನ್ನು ಹೇಳಿದರೆ ಇಲಾಖೆಯವರು ಬಂದು ಜಾಗಕ್ಕೆ ಬೇಲಿ ಹಾಕುತ್ತಾರೆ, ಮನೆ ಕಟ್ಟಲು ಬಿಡುವುದಿಲ್ಲ ಎಂದು ಜನ ಹೆದರುತ್ತಾರೆ. ಈ ಹೆದರಿಕೆ ಹುಟ್ಟಿದ್ದು ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರಿನೊಳಗೆ ಕಟ್ಟಡ ಕೂಡದು, ಅದರಾಚೆ 200 ಮೀಟರಿನಲ್ಲಿ ಅನುಮತಿ ಬೇಕು ಎಂಬ 2010ರ ತಿದ್ದುಪಡಿಯಿಂದ. ಅದು ಅಧಿಸೂಚನೆ ಹೊರಡಿಸಿ ಸಂರಕ್ಷಿಸಿದ ಸ್ಮಾರಕಗಳಿಗೆ ಅನ್ವಯಿಸುವ ನಿಯಮ. ಹಿತ್ತಲಿನ ತಪ್ಪಲೆಗೂ ಬಿಡಿ ವೀರಗಲ್ಲಿಗೂ ಅಲ್ಲ. ಇದನ್ನು ಇಲಾಖೆಯವರು ಕನ್ನಡದಲ್ಲಿ, ಒಂದು ಪುಟದಲ್ಲಿ, ಅರ್ಥವಾಗುವ ಹಾಗೆ ಬರೆದು ಪ್ರತಿ ವಾರ್ಡಿನ ಕಚೇರಿಯಲ್ಲಿಯೂ ತೂಗುಹಾಕಬಹುದಾಗಿತ್ತು. ಹಾಕಿಲ್ಲ. ನನ್ನ ಪರಿಚಯದ ಒಬ್ಬರು ತಮಗೆ ಸಿಕ್ಕಿದ ಸತಿಗಲ್ಲೊಂದನ್ನು ಒಪ್ಪಿಸಲು ಮೂರು ಕಚೇರಿಗಳಿಗೆ ಅಲೆದರು. ಒಂದು ಕಡೆ ‘ಇದು ನಮಗೆ ಬರುವುದಿಲ್ಲ’ ಎಂದರು. ಇನ್ನೊಂದು ಕಡೆ ‘ನೀವೇ ಏಕೆ ತಂದಿರಿ?’ ಎಂದು ಆಕ್ಷೇಪಿಸಿದರು. ಮೂರನೆಯದರಲ್ಲಿ ಕುರ್ಚಿಯೇ ಖಾಲಿ. ಪ್ರಾಮಾಣಿಕತೆಗೆ ಇಷ್ಟು ಬಸ್ ಚಾರ್ಜು ತಗಲುವ ಹಾಗಿದ್ದರೆ ಗುಜರಿಯವನು ಗೆಲ್ಲುವುದರಲ್ಲಿ ಆಶ್ಚರ್ಯವಿಲ್ಲ. ಅವನಾದರೋ ಮನೆಯ ಬಾಗಿಲಿಗೇ ಬರುತ್ತಾನೆ.

ಆದ್ದರಿಂದ ಕಾಲೇಜುಗಳ ಕನ್ನಡ ವಿಭಾಗಗಳು ಈ ಕೆಲಸಕ್ಕೆ ಕೈಹಾಕಬೇಕೆಂದು ನನ್ನ ಸೂಚನೆ. ಪ್ರತಿ ಊರಿನಲ್ಲಿಯೂ ಒಂದು ಕಾಲೇಜು ಇದೆ, ಎಂ.ಎ. ತರಗತಿ ಇರುವ ಕಡೆ ಹಳಗನ್ನಡ ಓದುವವರೂ ನಾಲ್ಕಾರು ಮಂದಿ ಇದ್ದಾರೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಮೇಜು ಹಾಕಿ ಕುಳಿತುಕೊಳ್ಳಲಿ. ಜನ ತಮಗೆ ಸಿಕ್ಕಿದ್ದನ್ನೋ, ಅದರ ಚಿತ್ರವನ್ನೋ ತರಲಿ. ಓದಿ ಹೇಳುವುದು, ಊರು ಸಂವತ್ಸರ ಗೊತ್ತುಮಾಡುವುದು, ಯಾವ ಕಚೇರಿಗೆ ಅರ್ಜಿ ಕೊಡಬೇಕೆಂದು ಬರೆದುಕೊಡುವುದು, ಪತ್ರಿಕೆಗೆ ನಾಲ್ಕು ಸಾಲಿನ ಪ್ರಕಟಣೆ ಕಳುಹಿಸುವುದು, ಇಷ್ಟನ್ನು ವಿದ್ಯಾರ್ಥಿಗಳೇ ಮಾಡಬಲ್ಲರು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಲಿಪಿಯ ಚರಿತ್ರೆ ಒಬ್ಬರ ಮನೆಗಾದರೂ ಉಪಯೋಗಕ್ಕೆ ಬರುತ್ತದೆ. ನಮ್ಮ ವಿಭಾಗದಲ್ಲಿ ಇದನ್ನು ಆರಂಭಿಸಲು ಮೂವರು ಒಪ್ಪಿದ್ದೇವೆ. ನಾಲ್ಕನೆಯವರು ಶನಿವಾರ ಮಧ್ಯಾಹ್ನ ನಿದ್ರೆ ಮಾಡುತ್ತಾರೆ. ತರುವವರಲ್ಲಿ ಒಂದೇ ವಿಜ್ಞಾಪನೆ: ಸಿಕ್ಕಿದ್ದು ಪಾತ್ರೆಯಾದರೆ ಹುಣಿಸೆಹಣ್ಣು ಹಾಕಬೇಡಿ, ಕಲ್ಲಾದರೆ ತಂತಿಯ ಬುರುಸಿನಿಂದ ಉಜ್ಜಬೇಡಿ. ಮಣ್ಣಿದ್ದ ಹಾಗೆಯೇ ತನ್ನಿ. ಸಿಕ್ಕಿದ ಜಾಗ ಯಾವುದು, ಎಷ್ಟು ಆಳ, ಹಾರೆ ಹಿಡಿದಿದ್ದವನು ಯಾರು ಎಂಬುದನ್ನು ಅಂದೇ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.